ಕಿಟಕಿಗೆ ಬಣ್ಣ ನಿಶ್ಚಯಿಸುವುದು

ಹಳೆಯ ಮನೆಗೆ ಹೊಸ ಕಿಟಕಿಗಳನ್ನು ಕೂರಿಸುವ ಪ್ರಸಂಗ ಒದಗಿದಾಗ ಅಳತೆ, ಬೆಲೆ, ಬಾಳಿಕೆಗಳ ವಿಚಾರದಲ್ಲಿ ಮನೆಮಂದಿಗೆ ಬೇಗನೆ ಏಕಾಭಿಪ್ರಾಯ ಉಂಟಾಗುವುದು. ಬಣ್ಣದ ಮಾತು ಬಂದೊಡನೆ, ಅದುವರೆಗೆ ಸುಮ್ಮನಿದ್ದವರೂ ಬಾಯಿ ತೆರೆಯುವರು. ಇದನ್ನು ನಾನು ಕ್ಷುಲ್ಲಕ ವಿವಾದವೆಂದು ಎಣಿಸಲಾರೆ. ಮರದ ಕಿಟಕಿಗಾದರೆ, ಬಳಿದ ಬಣ್ಣ ರುಚಿಸದಿದ್ದಲ್ಲಿ ಕೆಲವು ವರ್ಷಗಳ ತರುವಾಯ ಉಜ್ಜಿ ತೆಗೆದು ಬೇರೊಂದನ್ನು ಬಳಿಯಬಹುದು. ಯುಪಿವಿಸಿ ಎಂಬ ಈಗಿನ ಪ್ಲಾಸ್ಟಿಕ್ ಪದಾರ್ಥದಲ್ಲಾದರೋ ಬಣ್ಣವು ಕಾರ್ಖಾನೆಯಲ್ಲಿಯೇ ಚೌಕಟ್ಟಿನ ಮೈಗೆ ಕೂಡಿಕೊಂಡು ಬರುವುದು, ಮತ್ತು ಅದನ್ನು ಆರಿಸಿದವರು ತಮ್ಮ ಆಯುಷ್ಯದ ಬಹುಭಾಗವನ್ನು ಅದನ್ನು ನೋಡುತ್ತಲೇ ಕಳೆಯಬೇಕಾಗುವುದು.

ನಮ್ಮ ಗಾಳಿಬೀಡು ಮಡಿಕೇರಿಗೆ ಅನತಿದೂರದಲ್ಲಿ, ಘಟ್ಟದ ಅಂಚಿಗೆ ಇರುವ ಊರು. ಇಲ್ಲಿಂದ ಪಶ್ಚಿಮಕ್ಕೆ ನೆಲವು ಕಡಮಕಲ್ಲಿನ ಕಾಡಿನೊಳಗೆ ಇಳಿದು ಸುಬ್ರಹ್ಮಣ್ಯದ ಕಡೆಗೆ ಜಾರುವುದರಿಂದ, ಸಮುದ್ರದ ಮೇಲಿಂದೆದ್ದ ಮುಂಗಾರು ಮೋಡಗಳು ಯಾವ ತಡೆಯೂ ಇಲ್ಲದೆ ನಮ್ಮ ಗುಡ್ಡಗಳಿಗೆ ಬಂದು ಹಾಯುತ್ತವೆ. ಮಡಿಕೇರಿಯ ವಾರ್ಷಿಕ ಸರಾಸರಿ ಮಳೆಯೇ 3,000 ಮಿಲಿಮೀಟರಿಗೆ ಮಿಕ್ಕದ್ದು. ಅದು ನೇರವಾಗಿ ಸುರಿಯುವ ಮಳೆಯಾಗಿದ್ದರೆ ಸೂರಿನ ಚಾಚು ಕಿಟಕಿಗಳನ್ನು ಕಾಯುತ್ತಿತ್ತು. ಗಾಳಿಯೊಡನೆ ಓರೆಯಾಗಿ ಬರುವ ಎರಚಲಿಗೆ ಸೂರು ಯಾವ ರಕ್ಷಣೆಯನ್ನೂ ಕೊಡಲಾರದು. ಆದುದರಿಂದಲೇ ನಮ್ಮ ಮನೆಯ ಪೂರ್ವದ ಕಿಟಕಿಗಳು ಇಂದಿಗೂ ಗಟ್ಟಿಯಾಗಿದ್ದು, ನೈಋತ್ಯಕ್ಕೆ ಮುಖ ಮಾಡಿದವುಗಳ ಕೆಳದಂಡಿಗೆಗಳು ಮಾತ್ರ ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಲಡ್ಡಾಗಿದ್ದುವು. 2018ರ ಆಗಸ್ಟಿನಲ್ಲಿ ಕಾಲೂರು, ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿಯ ಕಡೆಗಳಲ್ಲಿ ಗುಡ್ಡಗಳು ಜರಿದು ಎಷ್ಟೋ ಮನೆಗಳು ಮಣ್ಣುಪಾಲಾದುವು. ಆ ಮೇಲೆ, ನಿಂತು ಉಳಿದ ಮನೆಯೊಂದನ್ನು ನೋಡುವ ನಮ್ಮ ದೃಷ್ಟಿಯೇ ಬೇರೆಯಾಗಿದೆ. ಅದರ ಒಂದು ಕದವನ್ನು ಬದಲಿಸುವಾಗಲೂ ಮನಸ್ಸು ಹಿಂದುಮುಂದು ನೋಡುತ್ತದೆ.

ಹೆಬ್ಬಲಸಿನ ಅಥವಾ ಹಲಸಿನ ಮರದಲ್ಲಿಯೇ ಹೊಸ ಕಿಟಕಿಗಳನ್ನು ಮಾಡಿಸಬೇಕೆಂಬುದು ನನ್ನ ಮೊದಲ ಆಸೆಯಾಗಿದ್ದಿತು. ಆದರೆ ಕೊಡಗಿನಲ್ಲಿ ತೋಟದಲ್ಲಿ ಮರ ನಿಂತಿದೆಯೆಂದ ಮಾತ್ರಕ್ಕೆ ಅದು ತೋಟದವನದಾಗುವುದಿಲ್ಲ. ಗದ್ದೆಗೆ ಹೊಂದಿಕೊಂಡ ಕಾಡುಜಮೀನಾದ ಬಾಣೆಯು ರಿಡೀಮ್ ಆಗದಿದ್ದರೆ, ಎಂದರೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದಿದ್ದರೆ, ಅಲ್ಲಿಯ ಮರದ ಮೇಲೆ ಸರಕಾರದ ಹಕ್ಕಿದೆ. ಅನುಮತಿ ಪಡೆದು, ಕಡಿಸಿ, ಕೊಯ್ಯಿಸಿ, ಒಣಗಿಸಿ ಆಚಾರಿಯ ಕೈಗೆ ಕೊಡುವಷ್ಟರಲ್ಲಿ ಇನ್ನೆರಡು ಮಳೆಗಾಲಗಳು ಒಳಗೆ ನುಗ್ಗಿರುತ್ತವೆ. ನೈಋತ್ಯದ ಕಿಟಕಿಗಳಿಗೆ ಯುಪಿವಿಸಿ, ಪೂರ್ವದವುಗಳಿಗೆ ಇದ್ದ ಮರವೇ ಎಂದು ನಿರ್ಧಾರವಾಯಿತು. ಹೀಗೆ ಬಣ್ಣದ ಪ್ರಶ್ನೆಯು ಇಮ್ಮಡಿಯಾಯಿತು: ಹೊಸತಕ್ಕೆ ಯಾವುದು ಒಪ್ಪುವುದೆಂಬುದೊಂದು, ಒಂದೇ ಮನೆಯ ಮೈಯಲ್ಲಿ ಹಳೆಯದೂ ಹೊಸತೂ ಹೇಗೆ ಕೂಡಿ ಬಾಳಬಲ್ಲವೆಂಬುದು ಇನ್ನೊಂದು.

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಐನ್‌ಮನೆಗಳೆಂಬ ಕುಲದ ಮನೆಗಳ ಕಯ್ಯಾಲೆಯಲ್ಲಿ, ಎಂದರೆ ಜಗಲಿಯಲ್ಲಿ, ಕುಳಿತು ನೋಡಿದರೆ, ಕೂರುವ ಹಲಗೆಯಾದ ಐಮರಕ್ಕೂ ಕಂಬಕ್ಕೂ ಕಿಟಕಿಯ ಸರಳಿಗೂ ಒಂದೇ ವರ್ಣ. ಅದು ಎಣ್ಣೆ ಕುಡಿದು ಕಪ್ಪಾದ ಮರದ ಸ್ವಂತ ವರ್ಣ. ಕೊಡಗಿನ ಅರಸ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಾಲಯದಲ್ಲಿಯೂ ಕಿಟಕಿಗಳ ಸರಳುಗಳು ಪಂಚಲೋಹದವು; ಅಲ್ಲಿಯೂ ಬಣ್ಣವೆಂಬುದು ಪದಾರ್ಥಕ್ಕೆ ಸಹಜವಾದದ್ದೇ ಹೊರತು ಮೇಲಿನಿಂದ ಹೊದಿಸಿದ್ದಲ್ಲ. ಡಬ್ಬಿಯ ಬಣ್ಣದ ಅಭ್ಯಾಸ ನಮ್ಮ ಮನೆಗಳಿಗೆ ಅನಂತರ ಬಂದುದು. ನಮ್ಮ ಆಚಾರಿಯು ಪೂರ್ವದ ಕಿಟಕಿಯೊಂದರ ಮೂಲೆಯನ್ನು ಉಳಿಯಿಂದ ಮೆಲ್ಲನೆ ಕೆರೆದಾಗ, ಮೇಲೆ ಮಾಸಿದ ಕಂದು, ಅದರ ಕೆಳಗೆ ತೆಳುವಾದೊಂದು ನೀಲಿ, ಅದಕ್ಕೂ ಕೆಳಗೆ ದಪ್ಪನಾದ ಕಡುಹಸಿರು, ತಳದಲ್ಲಿ ಮರಕ್ಕೆ ಇಂಗಿಹೋದ ಎಣ್ಣೆಯ ಕರಿ, ಇವು ಒಂದೊಂದಾಗಿ ಹೊರಬಿದ್ದುವು. ಹಸಿರಿನ ಪದರ ಉಳಿದೆಲ್ಲಕ್ಕಿಂತ ದಪ್ಪವಾಗಿದ್ದುದರಿಂದ, ಅದನ್ನೇ ಮತ್ತೆ ಮತ್ತೆ ಬಳಿದಿದ್ದರೆಂದು ತಿಳಿಯುತ್ತಿತ್ತು.

ಕಿಟಕಿಯವರು ತಂದ ಬಣ್ಣಪಟ್ಟಿಯಲ್ಲಿ ಹೆಸರಿಗಿಂತ ಅಂಕೆಗಳಿಗೆ ಹೆಚ್ಚಿನ ಮರ್ಯಾದೆ. ಜರ್ಮನಿಯಲ್ಲಿ 1927ರಲ್ಲಿ ಕೇವಲ 40 ವರ್ಣಗಳೊಡನೆ ಆರಂಭವಾದ ‘ರಾಲ್’ ಎಂಬ ವರ್ಣಸೂಚಿಯೇ ಇಂದು ಲೋಕದ ಕಿಟಕಿ ತಯಾರಕರಿಗೆಲ್ಲ ಸಮಾನಭಾಷೆಯಾಗಿದೆ: 7016 ಎಂದರೆ ಕಲ್ಲಿದ್ದಲ ಛಾಯೆಯ ಬೂದು, 8017 ಚಾಕೊಲೇಟ್ ಕಂದು, 9016 ಶುಭ್ರ ಬಿಳುಪು, 6005 ಪಾಚಿಹಸಿರು. ಇವುಗಳಲ್ಲದೆ ಮರದ ಎಳೆಗಳನ್ನು ಅಚ್ಚೊತ್ತಿದ ಹಾಳೆಗಳೂ ಇದ್ದುವು. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ನಮ್ಮ ಕಾಡುಗಳಲ್ಲಿ ಬೆಳೆಯದ ಓಕ್ ಮರದ ಚಿತ್ರವನ್ನು ಪ್ಲಾಸ್ಟಿಕ್ಕಿಗೆ ಹೊದಿಸಿ, ನಿಜವಾದ ಹೆಬ್ಬಲಸಿನ ಪಕ್ಕದಲ್ಲಿ ನಿಲ್ಲಿಸಿದರೆ, ಅದರಿಂದ ಎರಡಕ್ಕೂ ಅನ್ಯಾಯ. ಹೊಸ ಪದಾರ್ಥವು ತಾನು ಹೊಸದೆಂದು ಒಪ್ಪಿಕೊಂಡು, ಸಾದಾ ಬಣ್ಣವನ್ನು ಧರಿಸಿ, ಹಳೆಯದರ ಬಳಿ ವಿನಯದಿಂದ ನಿಲ್ಲುವುದೇ ಉಚಿತ.

ಬೆರಳಗಲದ ಮಾದರಿಯಿಂದ ಬಣ್ಣವನ್ನು ಆರಿಸಲಾಗದು. ಪ್ಯಾರಿಸ್ಸಿನ ಗೋಬ್ಲೆನ್ ಎಂಬ ನೇಯ್ಗೆಶಾಲೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಶೆವ್ರ್ಯೂಲ್ ಎಂಬ ರಸಾಯನಶಾಸ್ತ್ರಜ್ಞನು, ಕಪ್ಪು ನೂಲು ಸಾಲದಷ್ಟು ಕಪ್ಪಾಗಿಲ್ಲವೆಂಬ ದೂರನ್ನು ವಿಚಾರಿಸುತ್ತ ಹೋಗಿ, ದೋಷವು ನೂಲಿನದಲ್ಲ, ಅದರ ಮಗ್ಗುಲಲ್ಲಿ ನೇಯ್ದ ಬಣ್ಣಗಳದೆಂದು ಕಂಡುಕೊಂಡನು. ಪ್ರತಿಯೊಂದು ಬಣ್ಣವೂ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ದಿಕ್ಕಿಗೆ ಎಳೆಯುತ್ತದೆಂಬ ತತ್ತ್ವವನ್ನು 1839ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಇದರ ಸತ್ಯವನ್ನು ಅರಿಯಲು ಗಾಳಿಬೀಡಿಗಿಂತ ಒಳ್ಳೆಯ ಸ್ಥಳ ಬೇಕಿಲ್ಲ. ನಗರದ ಕಟ್ಟಡಗಳಲ್ಲಿ ಗಂಭೀರವಾಗಿ ತೋರುವ ಬೂದುಬಣ್ಣವು, ಸುತ್ತಲೂ ಕಾಫಿಗಿಡ, ಗದ್ದೆ, ಕಾಡು ಎಂದು ಹಸಿರೇ ತುಂಬಿರುವ ಇಲ್ಲಿ ಒಂದು ಬಗೆಯ ಕೆಂಪುಛಾಯೆಗೆ ತಿರುಗಿ, ತುಕ್ಕು ಹಿಡಿಯಲಾರಂಭಿಸಿದ ಕಬ್ಬಿಣದ ಭ್ರಮೆ ಹುಟ್ಟಿಸಿತು.

ಹಲಗೆಗಳಿಗೆ ಬೇರೆ ಬೇರೆ ಬಣ್ಣ ಬಳಿಸಿ, ಅವನ್ನು ಕಿಟಕಿಯ ಸ್ಥಳದಲ್ಲಿಯೇ ಒರಗಿಸಿ, ಬೆಳಗಿನ ಮಂಜಿನಲ್ಲಿ, ಅಪರೂಪದ ಬಿಸಿಲಿನಲ್ಲಿ, ಮಳೆಯ ಸಂಜೆಯಲ್ಲಿ ಓಣಿಯ ತಿರುವಿನಿಂದ ನೋಡಿದೆವು. ನನಗೆ ಮೊದಲಿನಿಂದಲೂ ಕಾವಿಗೆಂಪಿನ ಮೇಲೆ ಒಲವು. ಮಂಗಳೂರು ಹೆಂಚಿಗೂ ಒಳಗಿನ ಕೆಂಪು ನೆಲಕ್ಕೂ ಅದು ಬಂಧುವೆಂಬುದು ನನ್ನ ತರ್ಕ. ಆದರೆ ಮಳೆಗಾಲದ ಆಟಿ ತಿಂಗಳ ಸಂಜೆ ಬೆಳಕು ಕುಗ್ಗುತ್ತ ಬಂದಂತೆ ಕಾವಿಯ ಹಲಗೆ ಎಲ್ಲಕ್ಕಿಂತ ಮೊದಲು ಕಪ್ಪಾಗಿ, ಗೋಡೆಯಲ್ಲಿ ಒಂದು ಬಿಲದಂತೆ ಕಂಡಿತು. ಹಸಿರಿನ ಹಲಗೆ ಮಾತ್ರ ಬಹಳ ಹೊತ್ತು ಬಣ್ಣವಾಗಿಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೊಹೀಮಿಯಾದ ಪುರ್ಕಿನ್ಯೆ ಎಂಬ ಶರೀರವಿಜ್ಞಾನಿಯು ಇದನ್ನೇ ಗಮನಿಸಿದ್ದನು: ಬೆಳಕು ಕ್ಷೀಣಿಸಿದಾಗ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುವುದು, ಹಸಿರು ನೀಲಿಗಳು ಅದಕ್ಕಿಂತ ಉಜ್ಜ್ವಲವಾಗಿ ತೋರುವುವು. ವರ್ಷದಲ್ಲಿ ಅರ್ಧಕಾಲ ಸಂಜೆಯ ಬೆಳಕಿನಲ್ಲಿಯೇ ಬದುಕುವ ಊರಿಗೆ ಈ ನಿಯಮ ಕೈಪಿಡಿಯ ಮಾತಲ್ಲ, ಮನೆಯ ಮುಖಲಕ್ಷಣವನ್ನೇ ನಿರ್ಣಯಿಸುವಂಥದು. ಮೇಲಾಗಿ ಹೆಂಚಿನ ಕೆಂಪೂ ಇಲ್ಲಿ ಬೇಸಗೆಯ ಅತಿಥಿ. ಜುಲೈ ಹೊತ್ತಿಗೆ ಅದೂ ಪಾಚಿಗಟ್ಟಿ ಕರಿಹಸಿರಾಗುವುದು.

ಬಿಳುಪಿನ ವಾದವೂ ನಿಸ್ಸಾರವಾದುದಲ್ಲ. ಬಿಳಿಯ ಯುಪಿವಿಸಿ ಅಗ್ಗ. ಬಿಸಿಲಿಗೆ ಕಾಯುವುದು ಕಡಮೆ. ಕಡುಬಣ್ಣದ್ದು ಹೆಚ್ಚು ಕಾಯುವುದು ನಿಜ, ಮತ್ತು ಈ ಪದಾರ್ಥವು ಒಂದು ಡಿಗ್ರಿ ಶಾಖಕ್ಕೆ ಮೀಟರಿಗೆ ಸುಮಾರು 0.07 ಮಿಲಿಮೀಟರಿನಷ್ಟು ಹಿಗ್ಗುವುದರಿಂದ ರಾಯಚೂರಿನ ಮನೆಗೆ ಅದು ಚಿಂತಿಸತಕ್ಕ ವಿಷಯವೇ. ನಮ್ಮ ತಂಪು ಗುಡ್ಡಗಳಲ್ಲಿ ಆ ಭಯ ಅಷ್ಟಿಲ್ಲ. ನಮ್ಮ ಭಯ ಬೂಷ್ಟಿನದು. ಎರಚಲಿಗೆ ಎದುರಾದ ಬಿಳಿಯ ಚೌಕಟ್ಟಿನ ಸಂದಿಗಳಲ್ಲಿ ಒಂದೇ ಮಳೆಗಾಲದಲ್ಲಿ ಕಪ್ಪುಗೆರೆಗಳು ಮೂಡಿದುದನ್ನು ನೆರೆಯಲ್ಲಿ ಕಂಡಿದ್ದೇವೆ. ಒಳಗಿನಿಂದ ನೋಡುವವರಿಗಾದರೋ ಬಿಳುಪೇ ಬೇಕು. ಎರಡಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಆಳವಾಗಿ ಕುಳಿತ ಕಿಟಕಿಯ ಚೌಕಟ್ಟು ಕಪ್ಪಾಗಿದ್ದರೆ, ಹೊರಗಿನ ಮಂಜಿನ ಬೆಳಕಿಗೂ ಅದಕ್ಕೂ ಇರುವ ಅಂತರ ಕಣ್ಣನ್ನು ನೋಯಿಸುವುದು. ಬಿಳಿಯಾಗಿದ್ದರೆ ಬೆಳಕನ್ನು ಹಂತಹಂತವಾಗಿ ಸುಣ್ಣದ ಗೋಡೆಗೆ ದಾಟಿಸುವುದು. ಒಂದೇ ಚೌಕಟ್ಟಿಗೆ ಹೊರಮೈ ಹಸಿರು, ಒಳಮೈ ಬಿಳುಪು ಮಾಡಿಕೊಡುತ್ತಾರೆಂದು ತಿಳಿದಾಗ ಮನೆಯ ಅರ್ಧ ಚರ್ಚೆ ಅಲ್ಲಿಗೇ ಶಮನವಾಯಿತು.

ದೊಡ್ಡಮ್ಮನು ಈ ಪರೀಕ್ಷೆಗಳನ್ನೆಲ್ಲ ಕಯ್ಯಾಲೆಯಿಂದ ನೋಡುತ್ತಿದ್ದವಳು, “ಎಂತ ಬಣ್ಣವಾದರೂ ಹಾಕಿಸು ಮಗಾ, ಓಣಿಯಿಂದ ಬರುವವರಿಗೆ ನಮ್ಮ ಮನೆ ಅಂತ ಗೊತ್ತಾದರೆ ಸಾಕು” ಎಂದಳು. ಅವಳು ಮದುವೆಯಾಗಿ ಬಂದಾಗ ಕಿಟಕಿಗಳು ಹಸಿರಾಗಿದ್ದುವಂತೆ. ಪದರಗಳು ಹೇಳಿದ ಸಾಕ್ಷ್ಯಕ್ಕೂ ಸಂಜೆಯ ಹಲಗೆ ಹೇಳಿದ ಸಾಕ್ಷ್ಯಕ್ಕೂ ಅವಳ ನೆನಪು ಸೇರಿಕೊಂಡಿತು. 6009 ಎಂಬ ಫರ್ ಮರದ ಹಸಿರನ್ನೇ ನಿಶ್ಚಯಿಸಿದೆವು. 6005 ಅದಕ್ಕಿಂತ ಹೊಳಪಿನದಾಗಿದ್ದು, ಕಾಫಿಯೆಲೆಯೊಡನೆ ಸ್ಪರ್ಧಿಸುವಂತಿತ್ತು.

ಇನ್ನುಳಿದುದು ಎರಡನೆಯ ಪ್ರಶ್ನೆ. ಹೊಸತನ್ನು ಹಳೆಯದಕ್ಕೆ ಹೊಂದಿಸುವುದು ಸಾಧ್ಯವಿಲ್ಲ. ಕಾರ್ಖಾನೆಯ ಹಾಳೆಗಳಲ್ಲಿ ದೊರೆಯುವ ವರ್ಣಗಳು ಇಷ್ಟೇ. ಹಳೆಯದನ್ನು ಹೊಸತಕ್ಕೆ ಹೊಂದಿಸುವುದು ಸುಲಭ. ಎನಾಮಲ್ ಬಣ್ಣವನ್ನು ಅಂಗಡಿಯಲ್ಲಿ ಯಾವ ಛಾಯೆಗೆ ಬೇಕಾದರೂ ಕಲಸಿಕೊಡುವರು. ಚೌಕಟ್ಟಿನ ಒಂದು ತುಂಡನ್ನು ಮಡಿಕೇರಿಗೆ ಒಯ್ದು, ಅದೇ ಹಸಿರನ್ನು, ಕನ್ನಡಿಯಂತೆ ಹೊಳೆಯದ ಸ್ಯಾಟಿನ್ ಮೆರುಗಿನಲ್ಲಿ, ಪೂರ್ವದ ಮರದ ಕಿಟಕಿಗಳಿಗೂ ಬಳಿಸುವುದೆಂದಾಗಿದೆ. ಮರ ಪೂರ್ಣವಾಗಿ ಒಣಗದೆ ಬಣ್ಣ ಬಳಿದರೆ ಅದು ಗುಳ್ಳೆಯೆದ್ದು ಸುಲಿಯುವುದರಿಂದ, ಆ ಕೆಲಸ ಸುಗ್ಗಿಹಬ್ಬವಾದ ಹುತ್ತರಿಗೆ ಮುಂಚೆ ಗೋಡೆಗಳಿಗೆ ಸುಣ್ಣ ಹೊಡೆಯುವ ದಿನಗಳಲ್ಲಿ ನಡೆಯತಕ್ಕದ್ದು. ಅಲ್ಲಿಯವರೆಗೆ ನೈಋತ್ಯದ ಗೋಡೆಗೆ ಅಡಕೆಸೋಗೆಯ ತಟ್ಟಿ ಕಟ್ಟಿದ್ದೇವೆ. ಹಿಡಿಗಳು ಹಳೆಯ ಕಬ್ಬಿಣದ ಕೊಂಡಿಗಳಿಗೆ ಒಪ್ಪುವಂತೆ ಕಪ್ಪಾಗಿರಲಿ ಎಂದು ಆಚಾರಿ ಹೇಳಿದುದನ್ನೂ ಸೇರಿಸಿ, ಮುಂಗಡವನ್ನು ಕೊಟ್ಟಾಗಿದೆ.