ಬಾಗಿಲು ಬಡಿದವರು ಯಾರು?

2024ರ ಮಳೆಗಾಲದಲ್ಲಿ ನನಗೊಂದು ಕನಸು ಬಿತ್ತು. ಪುಣೆಯ ನಾರಾಯಣ ಪೇಟೆಯಲ್ಲಿದ್ದ ನಮ್ಮ ಹಳೆಯ ವಾಡೆ. ಹೊರಗೆ ಮಧ್ಯಾಹ್ನದ ಬೆಳಕು. ಅಂಗಳದ ನೀರು ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಏರುತ್ತಿದೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ನಾನು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೇನೆ, ಆದರೆ ತೆಗೆಯುವುದಿಲ್ಲ. ಬಡಿಯುವ ಸದ್ದು ಪಕ್ಕದ ಮನೆಗೆ ಹೋಗುತ್ತದೆ, ಅದರಾಚೆಯ ಮನೆಗೆ ಹೋಗುತ್ತದೆ, ಆಮೇಲೆ ನಿಂತುಬಿಡುತ್ತದೆ. ಎಚ್ಚರವಾದಾಗ ಮೈಯೆಲ್ಲ ಬೆವತಿತ್ತು. ಪ್ರವಾಹವನ್ನು ಕಣ್ಣಾರೆ ಕಾಣದ ನನಗೆ ಈ ಕನಸು ಎಲ್ಲಿಂದ ಬಂತು?

ಅದು ನಮ್ಮ ಅತ್ತೆಯವರ ಕಥೆ. 1961ರ ಜುಲೈ 12. ಅವರು ಮದುವೆಯಾಗಿ ಧಾರವಾಡದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪುಣೆಯಿಂದ ಸುಮಾರು 40 ಕಿ.ಮೀ. ದೂರದಲ್ಲಿ ಅಂಬಿ ನದಿಗೆ ಪಾನಶೇತ್ ಎಂಬ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ನೀರು ತುಂಬಿತು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಪೇರಿಸಿದರು. ಆದರೂ ಬೆಳಿಗ್ಗೆ ಕಟ್ಟೆ ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಅಣೆಕಟ್ಟೂ ಬಿರಿಯಿತು. ಮುಠಾ ನದಿ ಊರೊಳಗೆ ನುಗ್ಗಿತು. ಸುಮಾರು 1,000 ಜನ ಸತ್ತರೆಂದು ಸಾಮಾನ್ಯವಾಗಿ ಹೇಳುತ್ತಾರೆ.

"ಒಲೀ ಮ್ಯಾಲೆ ಬ್ಯಾಳಿ ಇಟ್ಟಿದ್ದೆ," ಎಂದು ಅತ್ತೆಯವರು ಕಥೆ ಶುರುಮಾಡುತ್ತಿದ್ದರು. "ಯಾವನೋ ಹುಡುಗ ಬಾಗ್ಲಾ ಬಡಬಡ ಬಡದಾ. ಧರಣ ಫುಟಲಂ, ಪಳಾ ಅಂದಾ. ನಂಗ ಮರಾಠಿ ಬರ್ತಿದ್ದಿಲ್ಲ. ಆದ್ರ ಅವನ ಮಾರೀ ನೋಡಿದ ಕೂಡ್ಲೇ ತಿಳೀತು." ಉಟ್ಟ ಬಟ್ಟೆಯಲ್ಲೇ ಪರ್ವತಿ ಗುಡ್ಡದ ಕಡೆ ಓಡಿದರಂತೆ. ತಿರುಗಿ ನೋಡಿದಾಗ ಆ ಹುಡುಗ ಮುಂದಿನ ಬಾಗಿಲು ಬಡಿಯುತ್ತಿದ್ದನಂತೆ. ಕಥೆ ಪ್ರತಿಸಲ ಅಲ್ಲಿಗೇ ನಿಲ್ಲುತ್ತಿತ್ತು. "ಮುಂದೇನಾತು ಅವಂಗ?" ಎಂದರೆ ಅತ್ತೆಯವರು ಎದ್ದು ಒಳಗೆ ಹೋಗುತ್ತಿದ್ದರು.

ಕನಸು ಬಿದ್ದ ಬೆಳಿಗ್ಗೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಡೆಕ್ಕನ್ ಜಿಮಖಾನಾಕ್ಕೆ ಹೋಗಿ ಲಕ್ಡೀ ಪೂಲಿನ ಮೇಲೆ ನಡೆದೆ. ಪೇಶ್ವೆಯರ ಕಾಲದಲ್ಲಿ ಇಲ್ಲಿ ಮರದ ಸೇತುವೆ ಇತ್ತು. ಈಗ ಮರವಿಲ್ಲ, ಹೆಸರು ಸಂಭಾಜಿ ಪೂಲ್ ಎಂದಾಗಿದೆ, ಆದರೆ ಜನರ ಬಾಯಲ್ಲಿ ಇನ್ನೂ ಲಕ್ಡೀ ಪೂಲೇ. 1961ರಲ್ಲಿ ಈ ಸೇತುವೆಯೂ ಮುಳುಗಿತ್ತು. ಬಗ್ಗಿ ನೋಡಿದೆ, ನದಿ ಅಷ್ಟು ಕೆಳಗೆ! ನಾನು ನಿಂತಿದ್ದ ಜಾಗಕ್ಕಿಂತ ಮೇಲೆ ನೀರು ಹರಿದಿತ್ತೆಂದು ನಂಬುವುದೇ ಕಷ್ಟ. ನದಿಯ ಅಂಚಿನಲ್ಲೇ ಮೆಟ್ರೋ ಕಂಬಗಳು ನಿಂತಿವೆ. ಸ್ವಲ್ಪ ಮುಂದಿರುವ ತಗ್ಗಿನ ಭಿಡೆ ಪೂಲ್ ಈಗಲೂ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಳುಗುತ್ತದೆ.

ಅಲ್ಕಾ ಟಾಕೀಸಿನ ಚೌಕ ದಾಟಿ ನಾರಾಯಣ ಪೇಟೆಯ ಗಲ್ಲಿ ಹೊಕ್ಕೆ. ನಮ್ಮ ವಾಡೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟ್. ಕೆಳಗೆ ಸ್ಕೂಟರುಗಳ ಸಾಲು. ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಆಮೇಲೆ ಗೋಖಲೇನಗರ, ಸಹಕಾರನಗರದ ಕಡೆ ಹೋಗಿ ನೆಲೆಸಿದವು. ಆ ಹುಡುಗನೂ ಅಲ್ಲೆಲ್ಲೋ ಮುದುಕನಾಗಿರಬಹುದೇ? ಯಾರನ್ನು ಕೇಳಲಿ? ಅವನ ಹೆಸರನ್ನು ಅತ್ತೆಯವರೂ ಕೇಳಿರಲಿಲ್ಲ. ಅವರು ತೀರಿಕೊಂಡು ಹತ್ತು ವರ್ಷವಾಯಿತು.

ಮನೆಗೆ ಬಂದಮೇಲೆ ಕನಸು ಯಾಕೆ ಬಿತ್ತೆಂದು ಹೊಳೆಯಿತು. ಅದಕ್ಕೆ ವಾರದ ಹಿಂದೆ, ಜುಲೈ 25ರಂದು, ಜೋರು ಮಳೆಯ ಜೊತೆಗೆ ಖಡಕವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ನನ್ನ ಮಗಳ ಗೆಳತಿಯೊಬ್ಬಳು ಅಲ್ಲಿ ಬಾಡಿಗೆಗೆ ಇದ್ದಳು. ಯಾರೋ ಬಾಗಿಲು ಬಡಿದು ಎಬ್ಬಿಸಿದ್ದರಿಂದ ಸಮಯಕ್ಕೆ ಸರಿಯಾಗಿ ಮೇಲಿನ ಮಹಡಿಗೆ ಹೋದಳಂತೆ. ನಮ್ಮ ಮನೆಯಲ್ಲಿ ಕೂತು ಚಹಾ ಕುಡಿಯುತ್ತ ಇದನ್ನೆಲ್ಲ ಹೇಳಿದಳು.

"ಯಾರಮ್ಮಾ ಅವರು?" ಎಂದು ಕೇಳಿದ್ದೆ.

"ಗೊತ್ತಿಲ್ಲ ಆಂಟಿ, ಹೆಸರು ಕೇಳೋದೇ ಮರೆತೆ."

ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರು ಇನ್ನೂ ಇದ್ದರೆ ಅವರ ಹತ್ತಿರ ಕೂತು ಕೇಳಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ. ಈ ಊರು ಅವರಿಗೆ ಪರಸ್ಥಳವಾಗಿದ್ದಾಗ ಯಾರು ಕೈಹಿಡಿದರು, ಯಾರು ಬಾಗಿಲು ಬಡಿದರು ಎಂದು ಕೇಳಿ. ಹೆಸರು ನೆನಪಿದ್ದರೆ ಬರೆದಿಡಿ. ನಾನು ಅತ್ತೆಯವರನ್ನು ಇನ್ನೊಂದು ಸಲ ಕೇಳಬೇಕಾಗಿತ್ತು.

ಆ ಕನಸು ಆಮೇಲೆ ಎರಡು ಸಲ ಬಿದ್ದಿದೆ. ನಾನಿನ್ನೂ ಚಿಲಕ ತೆಗೆದಿಲ್ಲ. ಆದರೆ ಈಗ ಹೆದರಿಕೆ ನೀರಿನದಲ್ಲ; ಅವನು ನಮಗಾಗಿ ಎಷ್ಟು ಹೊತ್ತು ಅಲ್ಲಿ ನಿಂತನೋ ಎಂಬುದರದು.