ಹನ್ನೊಂದು ಮಿಲಿಮೀಟರ್

ಕಾರು ನೋಡಲು ಹೊರಟ ನಮ್ಮ ಭಾವ ಜೇಬಿನಲ್ಲಿ ಫೀಲರ್ ಗೇಜ್ ಇಟ್ಟುಕೊಂಡಿದ್ದರು. ಬೊಮ್ಮಸಂದ್ರದ ಶೆಡ್ಡಿನಲ್ಲಿ ಎರಡು ಲೇತಿನಿಂದ ಶುರುಮಾಡಿ ಆರು ಸಿಎನ್‌ಸಿಗೆ ಬಂದ ಮನುಷ್ಯ. ಹತ್ತು ಮೈಕ್ರಾನ್ ಆಚೀಚೆಯಾದರೆ ಮಾಲು ವಾಪಸ್ಸು ಬರುವ ಕಸುಬು. ಷೋರೂಮಿನ ಹುಡುಗ ಒಳಗಿನ ದೀಪದ ಅರವತ್ತನಾಲ್ಕು ಬಣ್ಣ ತೋರಿಸುವ ಉಮೇದಿನಲ್ಲಿದ್ದರೆ, ಇವರು ಗೇಜಿನ ಎಲೆಗಳನ್ನು ಜೋಡಿಸಿ ಬಾನೆಟ್ಟಿನ ಸಂದಿಗೆ ತೂರಿಸುತ್ತಿದ್ದರು. ಎಡಗಡೆ ಎಷ್ಟು, ಬಲಗಡೆ ಎಷ್ಟು! ಹುಡುಗ ಪಾಪ, ಗೀರು ಬಿದ್ದೀತೆಂದು ಉಸಿರು ಬಿಗಿಹಿಡಿದಿದ್ದ.

ಕಣದಲ್ಲಿದ್ದವು ಎರಡು. ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್. ಹೆಸರು ಜರ್ಮನಿಯದಾದರೂ ಜೋಡಣೆ ಒಂದರದು ಪುಣೆ ಬಳಿಯ ಚಾಕಣ್‌ನಲ್ಲಿ, ಇನ್ನೊಂದರದು ಚೆನ್ನೈನಲ್ಲಿ. ನಮ್ಮಲ್ಲಿ ಮಾರುವುದು ಎರಡರದ್ದೂ ಹಿಂಬದಿ ಉದ್ದ ಎಳೆದ ಮಾದರಿ. ಜರ್ಮನಿಯ ಯಜಮಾನ ತಾನೇ ಸ್ಟಿಯರಿಂಗ್ ಹಿಡಿಯುತ್ತಾನೆ. ನಮ್ಮವನು ಹಿಂದೆ ಕೂತು ಫೋನಿನಲ್ಲಿ ಬಾಕಿ ಪೇಮೆಂಟ್ ಕೇಳುತ್ತಾನೆ. ಅದಕ್ಕೆ ಕಾಲು ಚಾಚಲು ಜಾಗ ಬೇಕು. 2024ರ ಜುಲೈನಲ್ಲಿ ಬಂದಾಗ 5 ಸೀರೀಸ್‌ಗೆ 72.9 ಲಕ್ಷ, ಅಕ್ಟೋಬರಿನಲ್ಲಿ ಬಂದ ಇ-ಕ್ಲಾಸಿಗೆ 78.5 ಲಕ್ಷದಿಂದ ಮೇಲಕ್ಕೆ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ ಶೇ. 18, ಆ ತೆರಿಗೆಗೆ ಮತ್ತೆ ಸೆಸ್ಸು. "ತೆರಿಗೆ ದುಡ್ಡಲ್ಲೇ ಇನ್ನೊಂದು ಮಷೀನ್ ಬರ್ತಿತ್ತಲ್ಲೋ" ಎಂದು ಭಾವ ನಿಟ್ಟುಸಿರು ಬಿಟ್ಟರು. ಆದರೂ ಎದ್ದು ಬರಲಿಲ್ಲ.

ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಒಂದರಲ್ಲಿ 3,105 ಮಿ.ಮೀ., ಇನ್ನೊಂದರಲ್ಲಿ 3,094. ವ್ಯತ್ಯಾಸ ಹನ್ನೊಂದು. ನನಗೆ ನಗು ಬಂತು. "ನಗಬೇಡ. ಹನ್ನೊಂದು ಮಿಲಿಮೀಟರಲ್ಲಿ ನಮಗೆ ಒಂದು ಊರೇ ಹಿಡಿಸತ್ತೆ" ಎಂದರು. ಎರಡರಲ್ಲೂ ಕೂತು ಇಳಿದ ಅಕ್ಕನ ವರದಿ ಚಿಕ್ಕದು: "ಏಳೋವಾಗ ಎರಡರಲ್ಲೂ ಮಂಡಿ ನೋಯತ್ತೆ."

ಹೊಸೂರು ರಸ್ತೆಯ ಟೆಸ್ಟ್ ಡ್ರೈವಿನಲ್ಲಿ, ಸೊನ್ನೆಯಿಂದ ನೂರು ಮುಟ್ಟಲು ಎಷ್ಟು ಸೆಕೆಂಡು ಎಂಬ ಲೆಕ್ಕ ಬ್ರೋಷರಿನಲ್ಲೇ ಉಳಿಯಿತು. ಹೆಬ್ಬಗೋಡಿಯಲ್ಲಿ ಲಾರಿಯೊಂದರ ಹಿಂದೆ ನಿಂತಿದ್ದಾಗ ತಲೆಯ ಮೇಲೆ ಹಳದಿ ಮಾರ್ಗದ ರೈಲು ಸರ್ರನೆ ಹೋಯಿತು. 2025ರ ಆಗಸ್ಟಿನಲ್ಲಿ ಶುರುವಾದಾಗಿನಿಂದ ನಾನು ಅಕ್ಕನ ಮನೆಗೆ ಬರುವುದು ಅದರಲ್ಲೇ. ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಹದಿನಾರನೆಯದು ಬೊಮ್ಮಸಂದ್ರ, ಕೊನೆಯ ನಿಲ್ದಾಣ. ನಿದ್ದೆ ಹೋದರೂ ಊರು ತಪ್ಪುವುದಿಲ್ಲ. ಕಾರಿನಲ್ಲಿ ಅದನ್ನು ಹೇಳಲಿಲ್ಲ. ಸೀಟು ಬೆನ್ನು ಒತ್ತುತ್ತಿತ್ತು, ಸುಖವಾಗಿತ್ತು.

ನಿಜವಾದ ಪರೀಕ್ಷೆ ನಡೆದದ್ದು ಭಾವನ ಶೆಡ್ಡಿನ ಮುಂದಿನ ಹಂಪಿನ ಮೇಲೆ. ಎರಡರಲ್ಲಿ ಒಂದು ಕಾರು, ಯಾವುದೆಂದು ಕೇಳಬೇಡಿ, ಹೊಟ್ಟೆಯಡಿ ಗರ್ ಎಂದಿತು. ಭಾವ ಇಳಿದವರೇ ಟೇಪು ತರಿಸಿ, ಜಾಬ್ ಕಾರ್ಡಿನ ಹಿಂಭಾಗದಲ್ಲಿ ಲೆಕ್ಕಕ್ಕೆ ಕೂತರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪು 3.7 ಮೀಟರ್ ಅಗಲ, ನಡುವಿನಲ್ಲಿ 10 ಸೆಂ.ಮೀ. ಎತ್ತರ. ಅಂಥದ್ದರ ಮೇಲೆ ಇಷ್ಟುದ್ದದ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ಏರಿ ನಿಲ್ಲುತ್ತವೆ. ಹೊಟ್ಟೆಯ ಕಡೆಗೆ ಉಬ್ಬುವುದು ಏಳು ಸೆಂ.ಮೀ. ಮಾತ್ರ. ಹನ್ನೊಂದು ಮಿ.ಮೀ. ಉದ್ದ ಹೆಚ್ಚಾದರೆ ಉಬ್ಬು ಹೆಚ್ಚುವುದು ಅರ್ಧ ಮಿ.ಮೀ. "ಅದಕ್ಕೇನೂ ತೊಂದರೆಯಿಲ್ಲ" ಎಂದರು. ತೊಂದರೆ ಇದ್ದದ್ದು ಇಲ್ಲಿಯ ಹಂಪಿನಲ್ಲಿ. ಮಲಗಿದ ಎಮ್ಮೆಯ ಬೆನ್ನಿನಂಥದ್ದು, ಅಗಲವಿಲ್ಲ. ಹಿಂದಿನ ಚಕ್ರ ಹತ್ತುವ ಮೊದಲೇ ಮುಂದಿನದು ಇಳಿದಿರುತ್ತದೆ. ಇಡೀ ಎತ್ತರ ಹೊಟ್ಟೆಗೇ.

"ಯಾರು ಹಾಕಿದ್ದು ಭಾವ ಈ ದರಿದ್ರದ್ದನ್ನ?"

ಭಾವ ಪೆನ್ನಿನ ಮುಚ್ಚಳ ಹಾಕಿದರು. "ನಾವೇ. ಅಕ್ಕಪಕ್ಕದ ಶೆಡ್ಡಿನವರು ದುಡ್ಡು ಹಾಕಿ, ರಾತ್ರೋರಾತ್ರಿ ಕಾಂಕ್ರೀಟ್ ಸುರಿಸಿದ್ದು. ಶಿಫ್ಟ್ ಬಿಡೋ ಹೊತ್ತಲ್ಲಿ ಟೆಂಪೊದವರು ನುಗ್ಗಿಸ್ಕೊಂಡು ಬರ್ತಿದ್ರು. ನಮ್ಮ ಹುಡುಗನೊಬ್ಬನ ಕಾಲು ಹೋಗೋದರಲ್ಲಿತ್ತು."

"ಸ್ವಲ್ಪ ಕೆತ್ತಿಸಿದರೆ?"

ಉತ್ತರ ಬರಲಿಲ್ಲ. ಸೈರನ್ ಆಯಿತು. ಟಿಫನ್ ಡಬ್ಬಿ ಹಿಡಿದ ಹೆಂಗಸರು ಗೇಟಿನಿಂದ ಹೊರಬಿದ್ದರು. ಜಿಗಣಿ ಕಡೆಯಿಂದ ಬಂದ ಟೆಂಪೊ ಹಂಪು ಕಂಡು ಬ್ರೇಕು ಹಾಕಿ, ಒಮ್ಮೆ ಮೇಲೆದ್ದು ಕೆಳಗಿಳಿದು ಮೆಲ್ಲಗೆ ಹೋಯಿತು. ಷೋರೂಮಿನ ಹುಡುಗ ಕಾರಿನಡಿ ಬಗ್ಗಿ ನೋಡುತ್ತಿದ್ದ. ಭಾವ ಅವನಿಗೆ ಒಂದು ಟೀ ತರಿಸಿದರು.