ಸೀಸದ ಮುದ್ರೆ, ಸಿಲಿಕಾನ್ ಮುದ್ರೆ

ನಮ್ಮ ಬ್ಯಾಚಿನಲ್ಲಿ ಯಾರನ್ನಾದರೂ ಹಿಡಿದು ‘ಬ್ಲಾಕ್‌ಚೈನ್ ಅಂದ್ರೇನು?’ ಅಂತ ಕೇಳಿ. ‘ಒಮ್ಮೆ ಬರೆದದ್ದನ್ನು ಯಾರೂ ತಿದ್ದೋಕಾಗಲ್ಲ’ ಅನ್ನೋ ಉತ್ತರ ತಟ್ಟನೆ ಬರುತ್ತೆ. ಸರಿಯಾದ ಉತ್ತರವೇ. ಆದರೆ ವೈವಾದಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಬರೆಯುವಾಗಲೇ ಸುಳ್ಳು ಬರೆದಿದ್ದರೆ? ಆಗ ಆ ಸುಳ್ಳನ್ನೂ ಯಾರೂ ತಿದ್ದೋಕಾಗಲ್ಲ!

ನಾವು ನಾಲ್ವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಈ ಪ್ರಶ್ನೆಯನ್ನೇ ಎತ್ತಿಕೊಂಡೆವು. ಒಬ್ಬನ ಊರು ಹಾಸನ, ಒಬ್ಬಳದು ಹೊಳೆನರಸೀಪುರದ ಪಕ್ಕದ ಹಳ್ಳಿ, ಇನ್ನಿಬ್ಬರು ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಕಡೆಯವರು. ಆಲೂಗಡ್ಡೆ, ತಂಬಾಕು, ತೆಂಗು ಅಂತ ಬೆಳೆಗಳು ಬೇರೆ ಬೇರೆ. ಆದರೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕೋದು ಮಾತ್ರ ನಾಲ್ಕೂ ತಾಲ್ಲೂಕಿನಲ್ಲಿ ಒಂದೇ. ಹಾಗಾಗಿ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ.

ಡೇರಿಯ ಲೆಕ್ಕ ಗೊತ್ತಿಲ್ಲದ ಸಿಟಿ ಗೆಳೆಯರಿಗೆ ಒಂದು ಮಾತು. ಹಾಲಿನ ಅಳತೆ, ಫ್ಯಾಟು, ಎಸ್‌ಎನ್‌ಎಫ್ ಈ ಮೂರು ಅಂಕಿಯ ಮೇಲೆ ದುಡ್ಡು. ಮಿಷನ್ನು ತೋರಿಸಿದ ಅಂಕಿ ಕಂಪ್ಯೂಟರಿಗೆ ಹೋಗುತ್ತೆ, ಚೀಟಿ ಬರುತ್ತೆ, ಬಟವಾಡೆಯ ದಿನ ಖಾತೆಗೆ ಹಣ ಬೀಳುತ್ತೆ. ನಮ್ಮಲ್ಲಿ ಇಬ್ಬರ ಎಕ್ಸಾಂ ಫೀಸು ಕಟ್ಟಿದ್ದು ಆ ಬಟವಾಡೆಯಿಂದಲೇ. ಮಿಷನ್ನಿಗೂ ಲೆಕ್ಕಕ್ಕೂ ನಡುವೆ ಒಂದು ಕೇಬಲ್ ಇದೆ, ಒಂದು ಕಂಪ್ಯೂಟರ್ ಇದೆ, ಒಬ್ಬ ಮನುಷ್ಯ ಇದ್ದಾನೆ. ಈ ಮೂರರಲ್ಲಿ ಎಲ್ಲಿ ಬೇಕಾದರೂ 4.2 ಅನ್ನೋದು 3.9 ಆಗಬಹುದು. ಆಗುತ್ತೆ ಅಂತಲ್ಲ, ಆಗಬಹುದು ಅಂತ. ಆಮೇಲೆ ಅದನ್ನು ಬ್ಲಾಕ್‌ಚೈನಿಗೆ ಹಾಕಿದರೆ 3.9 ಶಾಶ್ವತ.

ಇದಕ್ಕೆ ನಮ್ಮ ಹಿರಿಯರ ಕಾಲದಿಂದಲೂ ಒಂದು ಉಪಾಯ ಇದೆ: ತಕ್ಕಡಿಯ ಮೇಲಿನ ಮುದ್ರೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ತಂತಿ ಪೋಣಿಸಿ, ಸೀಸದ ಮುದ್ರೆ ಒತ್ತುತ್ತಾರೆ. ತಕ್ಕಡಿ ಬಿಚ್ಚಿದರೆ ಮುದ್ರೆ ಒಡೆಯುತ್ತೆ. ಮುದ್ರೆ ಮೋಸವನ್ನು ತಡೆಯಲ್ಲ. ಮೋಸ ನಡೆದರೆ ಗುರುತು ಉಳಿಸುತ್ತೆ, ಅಷ್ಟೇ. ಹಾರ್ಡ್‌ವೇರ್ ಟ್ರಸ್ಟ್ ಅಂದರೆ ಇದೇ ಕೆಲಸವನ್ನು ಸಿಲಿಕಾನಿನಲ್ಲಿ ಮಾಡೋದು.

ಅಂಥ ಮುದ್ರೆ ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದೆ. 2021ರಲ್ಲಿ ವಿಂಡೋಸ್ 11 ಬಂದಾಗ ‘ಟಿಪಿಎಂ 2.0 ಬೇಕೇ ಬೇಕು’ ಅಂತ ಹಟ ಹಿಡಿಯಿತಲ್ಲ, ಅದೇ. ಕಂಪ್ಯೂಟರ್ ಆನ್ ಆಗುವಾಗ ಪ್ರತಿ ಹಂತದ ಕೋಡಿನ ಹ್ಯಾಶ್ ಈ ಟಿಪಿಎಂಗೆ ಹೋಗುತ್ತೆ. ಅದು ಹಳೇ ಹ್ಯಾಶಿನ ಜೊತೆ ಹೊಸದನ್ನು ಸೇರಿಸಿ ಮತ್ತೆ ಹ್ಯಾಶ್ ಮಾಡಿ ಇಟ್ಟುಕೊಳ್ಳುತ್ತೆ. ಬ್ಲಾಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳೋ ಉಪಾಯವೇ ಇದು. ನಡುವೆ ಒಂದು ಬಿಟ್ ಬದಲಾದರೂ ಕೊನೆಯ ಅಂಕಿ ಪೂರ್ತಿ ಬೇರೆ. ದೂರದಲ್ಲಿರೋ ಯಾರಾದರೂ ‘ನಿನ್ನೊಳಗೆ ಓಡ್ತಿರೋ ಕೋಡ್ ಯಾವುದು?’ ಅಂತ ಕೇಳಿದರೆ ಚಿಪ್ಪು ಆ ಅಂಕಿಗೆ ಸಹಿ ಹಾಕಿ ಕಳಿಸುತ್ತೆ. ಇದಕ್ಕೇ ರಿಮೋಟ್ ಅಟೆಸ್ಟೇಷನ್ ಅನ್ನೋದು. ನಿನ್ನೆಯ ಉತ್ತರವನ್ನೇ ಇವತ್ತೂ ಕಳಿಸಿ ಯಾಮಾರಿಸಬಾರದಲ್ಲ? ಅದಕ್ಕೆ ಕೇಳುವವರು ಪ್ರತಿ ಸಲ ಒಂದು ಹೊಸ ಅಂಕಿ ಕೊಡುತ್ತಾರೆ, ಸಹಿಯಲ್ಲಿ ಅದೂ ಇರಬೇಕು. ಇವತ್ತಿನ ಪೇಪರ್ ಹಿಡಿದು ಫೋಟೋ ತೆಗೆಸಿಕೊಂಡು ಕಳಿಸು ಅಂದ ಹಾಗೆ.

ನಮ್ಮ ಪೆಟ್ಟಿಗೆ ಇಷ್ಟು ದೊಡ್ಡದಲ್ಲ. ಸೆಕ್ಯೂರ್ ಬೂಟ್ ಇರೋ ಒಂದು ಇಎಸ್‌ಪಿ32 ಬೋರ್ಡು, ಕೀ ಕಾಪಾಡೋಕೆ ಎಟಿಇಸಿಸಿ608 ಅನ್ನೋ ಪುಟ್ಟ ಚಿಪ್ಪು. ಖಾಸಗಿ ಕೀ ಚಿಪ್ಪಿನ ಒಳಗೇ ಹುಟ್ಟಿ ಅಲ್ಲೇ ಇರುತ್ತೆ. ಮಿಷನ್ನಿನ ಅಂಕಿ ಕಂಪ್ಯೂಟರಿಗೆ ಹೋಗೋ ಮೊದಲೇ ಅದಕ್ಕೆ ಸಹಿ ಬೀಳುತ್ತೆ. ಆಮೇಲೆ ಯಾರು ತಿದ್ದಿದರೂ ಸಹಿ ತಾಳೆಯಾಗಲ್ಲ.

ಇದನ್ನು ಹೊಳೆನರಸೀಪುರದ ಗೆಳತಿಯ ಮನೆಯಲ್ಲಿ ವಿವರಿಸಿದಾಗ ಅವರಮ್ಮ ಪೂರ್ತಿ ಕೇಳಿಸಿಕೊಂಡು ಅಂದರು: ‘ಅಲ್ಲ ಕಣ್ರಪ್ಪ, ತಕ್ಕಡಿ ಮೇಲಿನ ಸೀಲು ಒಡೆದ್ರೆ ನನ್ ಕಣ್ಣಿಗೆ ಕಾಣುತ್ತೆ. ನಿಮ್ ಸೀಲು ಒಡೆದ್ರೆ ನಂಗೆ ಹೆಂಗ್ ಗೊತ್ತಾಗುತ್ತೆ?’

ಈ ಒಂದು ಪ್ರಶ್ನೆಯಿಂದ ನಮ್ಮ ಪ್ರಾಜೆಕ್ಟಿನ ಅರ್ಧ ಕೆಲಸದ ದಿಕ್ಕು ನಿರ್ಧಾರವಾಯಿತು. ಆಮೇಲೆ ಓದಿದ್ದನ್ನೆಲ್ಲ ಈ ಪ್ರಶ್ನೆಯ ಕನ್ನಡಕ ಹಾಕಿಕೊಂಡೇ ಓದಿದೆವು.

ಮೊದಲು ನಮ್ಮ ದೇಶದ್ದೇ ಉದಾಹರಣೆ. ಆಧಾರ್‌ನಲ್ಲಿ ಬೆರಳೊತ್ತೋ ಯಂತ್ರಗಳಲ್ಲಿ ಎರಡು ದರ್ಜೆ. ಎಲ್-0 ಯಂತ್ರದಲ್ಲಿ ಬೆರಳಚ್ಚಿಗೆ ಸಹಿ ಬೀಳೋದು ಅದನ್ನು ಸಿಕ್ಕಿಸಿದ ಫೋನಿನ ಅಥವಾ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ. ಎಲ್-1ರಲ್ಲಿ ಯಂತ್ರದೊಳಗಿನ ಸುರಕ್ಷಿತ ಭಾಗದಲ್ಲೇ ಸಹಿ ಆಗುತ್ತೆ, ಹೊರಗಿನ ಫೋನಿಗೆ ಕೀ ಸಿಗೋದೇ ಇಲ್ಲ. ಅಂದರೆ ಅಟೆಸ್ಟೇಷನ್ ಅನ್ನೋದು ಪೇಪರ್‌ನಲ್ಲಿ ಮಾತ್ರ ಇರೋ ವಿಷಯ ಅಲ್ಲ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ, ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ದೂರುಗಳು ಪೊಲೀಸರ ಹತ್ತಿರ ಬಂದವು. ಇಂಥ ಕಡೆ ಯಂತ್ರ ಅಸಲಿ, ಸಹಿ ಅಸಲಿ, ಬೆರಳು ನಕಲಿ. ಒತ್ತಿದ್ದು ಜೀವಂತ ಬೆರಳೇ ಅಂತ ನೋಡೋಕೆ ಪ್ರಾಧಿಕಾರ ಅದೇ ವರ್ಷ ಎಐ ಆಧಾರಿತ ತಪಾಸಣೆ ತಂದಿತು. ಚಿಪ್ಪು ‘ನಾನು ಇದನ್ನು ಕಂಡೆ’ ಅಂತ ಮಾತ್ರ ಪ್ರಮಾಣ ಮಾಡುತ್ತೆ, ‘ಕಂಡದ್ದು ನಿಜ’ ಅಂತಲ್ಲ. ಕ್ಯಾನಿಗೆ ನೀರು ಬೆರೆಸಿದರೆ ನಮ್ಮ ಪೆಟ್ಟಿಗೆ ಅದಕ್ಕೂ ಶ್ರದ್ಧೆಯಿಂದ ಸಹಿ ಹಾಕುತ್ತೆ!

ಚಿಪ್ಪೇ ಒಡೆದರೆ? ಅದೂ ನಡೆದಿದೆ. ಇಂಟೆಲ್‌ನ ಎಸ್‌ಜಿಎಕ್ಸ್ ಅನ್ನೋ ಸುರಕ್ಷಿತ ಕೋಣೆಯಿಂದ 2018ರಲ್ಲಿ ಸಂಶೋಧಕರು ‘ಫೋರ್‌ಶ್ಯಾಡೋ’ ದಾಳಿಯ ಮೂಲಕ ಅಟೆಸ್ಟೇಷನ್ ಕೀಯನ್ನೇ ಹೊರತೆಗೆದು ತೋರಿಸಿದರು. 2022ರಲ್ಲಿ, ಅದೇ ಎಸ್‌ಜಿಎಕ್ಸ್ ನಂಬಿಕೊಂಡಿದ್ದ ಸೀಕ್ರೆಟ್ ನೆಟ್‌ವರ್ಕ್ ಅನ್ನೋ ಬ್ಲಾಕ್‌ಚೈನಿನ ಮಾಸ್ಟರ್ ಕೀ ಸಂಶೋಧಕರ ಕೈಗೆ ಸಿಕ್ಕಿತು. 2025ರ ‘ವೈರ್‌ಟ್ಯಾಪ್’ ದಾಳಿಗೆ ಬೇಕಾದದ್ದು ಮೆಮೊರಿಗೂ ಮದರ್‌ಬೋರ್ಡಿಗೂ ನಡುವೆ ಸಿಕ್ಕಿಸೋ ಒಂದು ಸಾಧನ, ಖರ್ಚು 1000 ಡಾಲರಿಗಿಂತ ಕಡಿಮೆ. ಯಂತ್ರ ಕೈಯಲ್ಲಿ ಇರುವವನಿಗೆ ಸಮಯವೂ ಇದ್ದರೆ ಮುದ್ರೆ ಎಷ್ಟು ದಿನ ತಾಳೀತು? ಡೇರಿ ಪೆಟ್ಟಿಗೆ ಇರೋದೂ ನಾವು ಯಾರ ಲೆಕ್ಕ ತಪಾಸಣೆ ಮಾಡಬೇಕೋ ಅವರ ಕೋಣೆಯಲ್ಲೇ. ಬೇಲಿಯೇ ಎದ್ದು ಹೊಲ ಮೇಯದ ಹಾಗೆ ನೋಡಿಕೊಳ್ಳೋಕೆ ಒಂದೇ ಬೇಲಿ ಸಾಲದು. ಅದಕ್ಕೇ ಚಿಪ್ಪಿನ ಸಹಿಯ ಜೊತೆಗೆ ಇನ್ನೊಂದು ಹಳೇ ಲೆಕ್ಕವನ್ನೂ ಸೇರಿಸಿದ್ದೇವೆ: ಊರಿನವರೆಲ್ಲ ಹಾಕಿದ ಹಾಲಿನ ಮೊತ್ತ, ಆ ಹೊತ್ತು ಊರಿಂದ ಹೊರಟ ಹಾಲಿನ ಮೊತ್ತ. ಎರಡೂ ತಾಳೆಯಾಗಬೇಕು.

ಈಗ ಎಐ ಏಜೆಂಟುಗಳ ಸರದಿ. ಟಿಕೆಟ್ ಬುಕ್ ಮಾಡೋದು, ಬಿಲ್ ಕಟ್ಟೋದು, ಮುಂದೊಂದು ದಿನ ಕೊಬ್ಬರಿ ರೇಟು ನೋಡಿ ಮಾರೋದೂ ಅದೇ ಅಂತಾರೆ. ಇಂಥ ಮಾಡೆಲ್, ಇಂಥ ಕೋಡೇ ಓಡಿತು ಅಂತ ಹಾರ್ಡ್‌ವೇರ್ ಪ್ರಮಾಣ ಕೊಡಬಲ್ಲದು. ಎನ್ವಿಡಿಯಾದ ಎಚ್100ನಿಂದ ಈಚೆಗೆ ಜಿಪಿಯುಗಳಲ್ಲೂ ಈ ಸೌಲಭ್ಯ ಬಂದಿದೆ. ಆದರೆ ಬಂದ ಮೆಸೇಜಿನಲ್ಲಿ ಯಾರೋ ‘ಹಣವನ್ನು ಈ ಖಾತೆಗೆ ಹಾಕು’ ಅಂತ ಗುಟ್ಟಾಗಿ ಬರೆದಿಟ್ಟು, ಏಜೆಂಟು ನಂಬಿಬಿಟ್ಟರೆ? ಅಸಲಿ ಕೋಡೇ ಅಸಲಿಯಾಗಿಯೇ ಮೋಸ ಹೋಗುತ್ತೆ. ಸಂತೆಗೆ ಹೊರಟ ಹುಡುಗನ ಕೈಗೆ ಮನೆಯಲ್ಲಿ ಐನೂರು ರೂಪಾಯಿ ಕೊಡ್ತಾರೆ. ಎಟಿಎಂ ಕಾರ್ಡು, ಪಿನ್ನು ಎರಡೂ ಕೊಟ್ಟು ಕಳಿಸಲ್ಲ. ಏಜೆಂಟಿಗೂ ಅದೇ ನ್ಯಾಯ. ಸಹಿ ಹಾಕೋ ಕೀ ಅದರ ಕೈಯಲ್ಲಿ ಇರಬಾರದು, ಪ್ರತ್ಯೇಕ ಚಿಪ್ಪಿನಲ್ಲಿ ಇರಬೇಕು. ದಿನಕ್ಕೆ ಇಷ್ಟು, ಇಂಥವರಿಗೆ ಮಾತ್ರ ಅನ್ನೋ ಮಿತಿಯೂ ಅಲ್ಲೇ ಇರಬೇಕು. ಮಿತಿ ದಾಟಿದರೆ ಮನುಷ್ಯ ಬಂದು ಬಟನ್ ಒತ್ತಬೇಕು.

ಹಾಗಾಗಿ ಮುಂದಿನ ಸಲ ಯಾರಾದರೂ ಪಿಪಿಟಿಯಲ್ಲಿ ‘ಟ್ರಸ್ಟ್‌ಲೆಸ್’ ಅಂತ ದಪ್ಪಕ್ಷರದಲ್ಲಿ ಹಾಕಿದರೆ ಸುಮ್ಮನೆ ನಾಲ್ಕು ಪ್ರಶ್ನೆ ಕೇಳಿ. ಕೀ ಎಲ್ಲಿದೆ? ಮುದ್ರೆ ಒತ್ತಿದವರು ಯಾರು? ಮುದ್ರೆ ಒಡೆದರೆ ಮುಂದೇನು? ಯಾರ ದುಡ್ಡು ಪಣಕ್ಕಿದೆಯೋ ಅವರು ತಾವೇ ಪರೀಕ್ಷೆ ಮಾಡಿಕೊಳ್ಳಬಹುದಾ? ನಂಬಿಕೆ ಎಲ್ಲೂ ಮಾಯವಾಗಲ್ಲ, ಕಾರ್ಯದರ್ಶಿಯಿಂದ ಚಿಪ್ ಕಂಪನಿಗೆ ಜಾಗ ಬದಲಿಸುತ್ತೆ ಅಷ್ಟೇ. ಜಾಗ ಬದಲಿಸಿದ್ದು ಹಾಲು ಹಾಕುವವರಿಗೆ ಗೊತ್ತಾಗಬೇಕು.

ನಾಲ್ಕನೇ ಪ್ರಶ್ನೆಯೇ ಈಗ ನಮ್ಮ ಮೇಜಿನ ಮೇಲಿದೆ. ಚೀಟಿಯಲ್ಲಿ ಫ್ಯಾಟಿನ ಪಕ್ಕ ಒಂದು ಕ್ಯೂಆರ್ ಕೋಡು ಬರುತ್ತೆ. ಯಾರ ಫೋನಿನಲ್ಲಿ ಸ್ಕ್ಯಾನ್ ಮಾಡಿದರೂ ಸಹಿ ತಾಳೆ ನೋಡಿ ಕನ್ನಡದಲ್ಲಿ ಒಂದೇ ಸಾಲು ತೋರಿಸಬೇಕು: ‘ಮಿಷನ್ ಹೇಳಿದ್ದೇ ಚೀಟಿಯಲ್ಲಿದೆ’ ಅಥವಾ ‘ಅಂಕಿ ಬದಲಾಗಿದೆ’. ಮೂರನೇ ಸಾಲು ಬೇಡ ಅಂತ ಅಮ್ಮನೇ ಹೇಳಿದ್ದಾರೆ.